ಫ್ರೆಂಚ್ ‘ರ’ಕಾರ ಪ್ರತಾಪ

ಫ್ರೆಂಚ್ ಹೆಸರುಗಳನ್ನು ಫ್ರೆಂಚರೇ ತಲೆದೂಗುವಂತೆ ಉಚ್ಚರಿಸದಿದ್ದರೆ ಈ ನಾಲಿಗೆ ಇದ್ದೇನು ಫಲ ಎಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ಒಂದು ಸೋಮವಾರ, ಹಲ್ಲುಜ್ಜುವಾಗ. ಕಾರಣವಿತ್ತು. ನಮ್ಮ ಬಡಾವಣೆಯ ಗ್ರಂಥಾಲಯದ ಓದುಕೂಟಕ್ಕೆ ಒಬ್ಬ ಕಾಯಂ ವಾಚಕ ಬೇಕಾಗಿತ್ತು. ಭಾನುವಾರ ಒಂದು ಫ್ರೆಂಚ್ ಕಾದಂಬರಿಯ ಅನುವಾದ ಓದಿ, ಜನ ಮೆಚ್ಚಿದರೆ ಆ ಕುರ್ಚಿ ನಿಮ್ಮದೇ ಎಂದಿದ್ದರು ಲೈಬ್ರೇರಿಯನ್. ವಿಮಾ ಕಚೇರಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದ ನನ್ನ ದನಿಯನ್ನು ಕೇಳಲೆಂದೇ ಜನ ಬಂದು ಕೂರುತ್ತಾರೆ! ಆ ಕುರ್ಚಿ ನನಗೆ ಬೇಕೇ ಬೇಕಿತ್ತು.

ಕಾದಂಬರಿಯ ನಾಯಕ ಗ್ರೆಗ್ವಾರ್ ರೂವ್ರಾರ್. ಪುಸ್ತಕದಲ್ಲಿ ಮಾತ್ರ ‘ಗ್ರೆಗೋಯಿರ್ ರೂವ್ರಾರ್ಡ್’ ಎಂದು ಅಚ್ಚಾಗಿತ್ತು. ಮೊಬೈಲಿನಲ್ಲಿ ಉಚ್ಚಾರಣೆಯ ಪಾಠ ಕೇಳಿ ನನಗೆ ರೋಮಾಂಚನವಾಯಿತು. ಕೊನೆಯ ಅಕ್ಷರ ನುಂಗಬೇಕಂತೆ, ಮೂಗಿಗೂ ಒಂದಿಷ್ಟು ಕೆಲಸ ಕೊಡಬೇಕಂತೆ, ‘ರ’ಕಾರವನ್ನು ಗಂಟಲಿನ ತಳದಿಂದ ಎಬ್ಬಿಸಬೇಕಂತೆ! ಓಡಿಹೋಗಿ ಹೆಂಡತಿಗೆ ವಿವರಿಸಿದೆ.

“ನುಂಗೋದೇ ಆದ್ರೆ ಆ ಅಕ್ಷರ ಬರೆದಿದ್ಯಾಕೆ?” ಎಂದಳು.

“ಅದೇ ಕಣೇ ಅವರ ನಾಗರಿಕತೆ.”

“ಸರಿ, ತಿಂಡಿ ಆರ್ತಾ ಇದೆ. ಮೊದಲು ಅದನ್ನ ನುಂಗಿ.”

‘ರ’ ಒಲಿಯಬೇಕಾದರೆ ಗಂಟಲಲ್ಲಿ ನೀರು ನಿಲ್ಲಿಸಿ ಮುಕ್ಕಳಿಸುವುದೇ ರಾಜಮಾರ್ಗ ಎಂದು ಪಾಠದಲ್ಲಿತ್ತು. ಬೆಳಿಗ್ಗೆ, ಸಂಜೆ ಬಚ್ಚಲಿನಲ್ಲಿ ಗರಗರ ಶುರುವಾಯಿತು. ಮನೆಗೆ ಬಂದಿದ್ದ ಅತ್ತೆಯವರು ಅಳಿಯಂದಿರಿಗೆ ಕಫ ಕಟ್ಟಿದೆ ಎಂದು ನನ್ನ ಕೊರಳಿಗೆ ಮಫ್ಲರ್ ಸುತ್ತಿದರು. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಪೈಪು ಕಟ್ಟಿದೆ ಎಂದು ಪ್ಲಂಬರನ್ನೇ ಕರೆಸಿದರು. ಆತ ಕೆಳಗೆ ಪೈಪು ಬಿಚ್ಚಿ ಇಣುಕುವುದಕ್ಕೂ, ನಾನು ಮೇಲಿನಿಂದ ಬಾಯಿತುಂಬ ಗ್ರೆಗ್ವಾರನನ್ನು ಉಗುಳುವುದಕ್ಕೂ ಸರಿಹೋಯಿತು. ಮುಖಕ್ಕೇ ಅಭಿಷೇಕ! ಒದ್ದೆ ಮುಖದಲ್ಲೇ ಮೆಟ್ಟಿಲು ಹತ್ತಿ ಬಂದ ಆತ, ಪೈಪು ಚೆನ್ನಾಗಿಯೇ ಇದೆ, ರಿಪೇರಿ ಆಗಬೇಕಾದ್ದು ಬೇರೆಯದು ಎಂದು ನನ್ನನ್ನೇ ನೋಡುತ್ತಾ ಹೇಳಿಹೋದ.

ನಾನು ಜಗ್ಗಲಿಲ್ಲ. ಜಗ್ಗಿದ್ದು ಗಂಟಲು. ಭಾನುವಾರ ಬೆಳಿಗ್ಗೆ ಬಾಯಿ ತೆರೆದರೆ ಬರೀ ಗಾಳಿ! ‘ರ’ ಹಾಗಿರಲಿ, ಇಡೀ ವರ್ಣಮಾಲೆಯೇ ಕೈಕೊಟ್ಟಿತ್ತು. ನಿಜ ಹೇಳುತ್ತೇನೆ, ಅಳು ಬಂತು.

ಹೆಂಡತಿ ಪುಸ್ತಕ ಕೈಗೆತ್ತಿಕೊಂಡಳು. “ನಾನು ಓದ್ತೀನಿ. ನೀವು ಪಕ್ಕದಲ್ಲಿ ಕೂತಿರಿ, ಸಾಕು.”

ಗ್ರಂಥಾಲಯ ಕಿಕ್ಕಿರಿದಿತ್ತು. ನಮ್ಮನೆಯವರು ಫ್ರೆಂಚ್ ಹೆಸರಿಗಾಗಿ ಗರಗರ ಮಾಡಿ ಗಂಟಲು ಕಳಕೊಂಡಿದ್ದಾರೆ ಎಂದು ಆಕೆ ಪೀಠಿಕೆ ಹಾಕಿದಳು. ಜನ ನಕ್ಕರು. ಕಾದಂಬರಿಯ ಮೊದಲ ಸಾಲಿನಲ್ಲೇ ನಾಯಕ ಎದುರಾದ. ‘ರ’ ಇಲ್ಲಿಂದ ಬರಲಿ ಎಂದು ಗಂಟಲು ಮುಟ್ಟಿ ಸನ್ನೆ ಮಾಡಿದೆ. ಆಕೆ ಕ್ಯಾರೇ ಎನ್ನದೆ ಅವನನ್ನು ‘ಮೀಸೆ ಸಾಹುಕಾರ’ ಎಂದಳು! ಅವನ ಹೆಂಡತಿ ‘ಸಿಡುಕಮ್ಮ’, ತಮ್ಮ ‘ನೆಪರಾಯ’. ನಾನು ಕುರ್ಚಿಯಲ್ಲಿ ಬೆಂದುಹೋದೆ. ಜನವೋ, ಉಸಿರು ಬಿಗಿಹಿಡಿದು ಕೂತಿದ್ದರು. ಅಧ್ಯಾಯ ಮುಗಿದರೂ ಏಳದೆ, ಸಿಡುಕಮ್ಮ ಮನೆ ಬಿಟ್ಟಳೋ ಇಲ್ಲವೋ ಹೇಳಿಯೇ ಹೋಗಬೇಕೆಂದು ಹಟಹಿಡಿದರು. ಕಾಯಂ ಕುರ್ಚಿ ಅಲ್ಲೇ, ಆಗಲೇ ಆಕೆಯ ಪಾಲಾಯಿತು. ನನಗೆ ಹೊಟ್ಟೆ ಉರಿಯಿತು. ಹೆಮ್ಮೆಯೂ ಆಯಿತು, ಅದು ಬೇರೆ ಮಾತು.

ಮುಂದಿನ ಭಾನುವಾರದ ಹೊತ್ತಿಗೆ ದನಿ ಮರಳಿತ್ತು. ಹೆಂಡತಿಯ ಹಿಂದೆ ಗ್ರಂಥಾಲಯದೊಳಗೆ ಕಾಲಿಟ್ಟೆ. ಬಾಗಿಲ ಬಳಿ ಕೂತಿದ್ದ ಅಜ್ಜಿಯೊಬ್ಬರು ಪಕ್ಕದವರಿಗೆ, “ಸ್ವಲ್ಪ ಸರೀರಿ, ಗರಗರಪ್ಪನೋರು ಬಂದ್ರು” ಎಂದರು.

ನಾನು ಮಫ್ಲರ್ ಸರಿಪಡಿಸಿಕೊಂಡು, ಒಂದಕ್ಷರವನ್ನೂ ನುಂಗದೆ, ತಂದೆತಾಯಿ ಇಟ್ಟ ನನ್ನ ಪೂರ್ಣ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದೆ.

ಅಜ್ಜಿ ಕೈ ಅಲ್ಲಾಡಿಸಿದರು. “ಅದಕ್ಕೆಲ್ಲ ನಮ್ಮ ನಾಲಿಗೆ ಹೊರಳಲ್ಲಪ್ಪ.”