ಪಾಪರ್ ಆಗಲು ಹೊರಟ ಅಜ್ಜಿ

ಬನ್ನಿ, ಚಾಪೆ ಎಳೆದುಕೊಂಡು ಗೋಡೆಗೆ ಒರಗಿ ಕೂತ್ಕೊಳ್ಳಿ. ಮರ್ಯಾದೆ ಹೋಗುವ ಸಂಗತಿಗಳು ಪುಂಜಾಲಕಟ್ಟೆಯಲ್ಲಿ ನನ್ನ ಮನೆಯನ್ನೇ ಹುಡುಕಿಕೊಂಡು ಬರ್ತವೆ.

ಎಲ್ಲ ಶುರುವಾದದ್ದು ಮೊಮ್ಮಗಳ ಮದುವೆಯ ಮುಂಚಿನ ದಿನದ ಮದರಂಗಿಯಿಂದ. ಎದುರು ಮನೆಯ ಮದರಂಗಿಗೆ ಡಿಜೆ ಬಂದಿತ್ತು, ಐಸ್‌ಕ್ರೀಮ್ ಇತ್ತು. "ನಮ್ಮಲ್ಲಿ ಕಡಿಮೆಯಾದ್ರೆ ಜನ ಏನು ಹೇಳಿಯಾರು?" ಎಂದದ್ದು ಬೇರೆ ಯಾರೂ ಅಲ್ಲ, ಬೀಡಿ ಕಟ್ಟಿ ಬದುಕುವ ನಾನೇ. ಫೈನಾನ್ಸಿನಿಂದ ಸಾಲ ತೆಗೆದೆ. ನಮ್ಮ ಗುಂಪಿನ ನಾಲ್ವರು ಹೆಂಗಸರು ಜಾಮೀನು ನಿಂತರು. ಮೊಮ್ಮಗಳು ಗಂಡನ ಮನೆಗೆ ಹೋದಳು. ಸಾಲ ಮಾತ್ರ ತವರಿನಲ್ಲೇ ಉಳಿಯಿತು.

ಮೂಡಬಿದ್ರೆಯ ಕೆಮ್ಮು

ಕಂತು ತಪ್ಪಿತು. ಸಂಜೆ ಫೈನಾನ್ಸಿನ ಕಂತಿನವನ ಬೈಕಿನ ಸದ್ದು ಕೇಳಿದ್ದೇ ನಾನು ಬಚ್ಚಲುಮನೆಗೆ ನುಗ್ಗಿದೆ. ಸೊಸೆ ಬಾಗಿಲಲ್ಲಿ ನಿಂತು, "ಅತ್ತೆ ಮೂಡಬಿದ್ರೆಗೆ ಹೋಗಿದ್ದಾರೆ" ಎಂದಳು. ಅಷ್ಟಕ್ಕೇ ನಿಲ್ಲಿಸಬಾರದಾ? ಸ್ನಾನಕ್ಕೆ ನೀರು ಕಾಯಿಸುವ ಹೊತ್ತೆಂದು ಹಂಡೆಯ ಒಲೆಗೆ ಹಸಿ ಕಟ್ಟಿಗೆ ತುರುಕಿ ಬೆಂಕಿಯನ್ನೂ ಹಾಕಿದ್ದಳು, ಪುಣ್ಯಾತ್ಗಿತ್ತಿ. ಹೊಗೆ ಮೂಗಿಗೇರಿ ಕೆಮ್ಮಿದೆ, ನಿಲ್ಲಲೇ ಇಲ್ಲ.

ಅವನು ಹೊರಗಿನಿಂದಲೇ ಕೂಗಿದ: "ಅಜ್ಜೀ, ಮೂಡಬಿದ್ರೆಯಿಂದ ಬರುವಾಗ ಒಂದು ಕೆಮ್ಮಿನ ಮದ್ದು ತಗೊಂಡು ಬನ್ನಿ!"

ವಕೀಲಮ್ಮನ ಫೀಸು

"ಪಾಪರ್ ಅಂದ್ರೆ ದಿವಾಳಿ ಆದರೆ ಸಾಲ ತೀರಿಸ್ಲಿಕ್ಕೇ ಇಲ್ಲವಂತೆ" ಎಂದು ಯಾರೋ ಬಸ್ಸಿನಲ್ಲಿ ಹೇಳಿದರು. ಹರಿದ ಸೀರೆ ಹುಡುಕಿ ಉಟ್ಟು ಬಂಟ್ವಾಳದ ವಕೀಲಮ್ಮನ ಹತ್ತಿರ ಹೋದೆ.

"ಕುತ್ತಿಗೆಯಲ್ಲಿ ಸರ ಉಂಟಲ್ಲ ಅಜ್ಜಿ?" ಎಂದಳು.

ಸೆರಗು ಮುಚ್ಚಿಕೊಂಡೆ.

"ನೀವು ಪಾಪರ್ ಆದ್ರೆ ನಿಮ್ಮ ಕಂತು ಜಾಮೀನು ನಿಂತ ನಾಲ್ವರ ತಲೆಗೆ ಬೀಳ್ತದೆ. ಗೊತ್ತುಂಟಾ?"

ಗೊತ್ತಿರಲಿಲ್ಲ. ಒಬ್ಬಳು ಮೀನು ಮಾರುವವಳು, ಉಳಿದ ಮೂವರು ನನ್ನಂತೆಯೇ ಬೀಡಿಯವರು. ನೆಲ ಬಾಯಿಬಿಡಬಾರದಾ ಎನಿಸಿತು.

"ಒಂದು ಗುಂಡಿ ಮುಚ್ಚಲು ಇನ್ನೊಂದು ಗುಂಡಿ ತೋಡ್ಬೇಡಿ. ಹೊಸ ಸಾಲ ಬೇಡ. ಸರ ಮಾರಿ ಒಂದಷ್ಟು ಕಟ್ಟಿ. ಉಳಿದದ್ದಕ್ಕೆ ಕಂತು ಸಣ್ಣದು ಮಾಡಿ ಅಂತ ನೀವೇ ಹೋಗಿ ಕೇಳಿ. ಅಡಗಿ ಕೂತರೆ ಬಡ್ಡಿ ಅಡಗುವುದಿಲ್ಲ."

"ನಿಮ್ಮ ಫೀಸು?"

"ಬೇಡ ಅಜ್ಜಿ."

"ಛೆ, ಬಿಟ್ಟಿ ಬೇಡ. ವಾರಕ್ಕಿಷ್ಟು ಅಂತ ಕೊಡ್ತೇನೆ."

ವಕೀಲಮ್ಮ ಹಣೆ ಬಡಿದುಕೊಂಡಳು.

ಆಯುಸ್ಸಿನ ಹರಕೆ

ಸರ ಮಾರಿ ಬೆಳ್ತಂಗಡಿಯ ಫೈನಾನ್ಸ್ ಆಫೀಸಿಗೆ ಹೋದೆ. ಆಫೀಸೆಂದರೆ ಕನ್ನಡ ಬೇಕಲ್ಲ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಮ್ಯಾನೇಜರನ ಮುಖ ಕಂಡದ್ದೇ ಎಲ್ಲ ಮರೆತು ತುಳುವಿನಲ್ಲಿ ಅತ್ತುಬಿಟ್ಟೆ. ಅವನೂ ತುಳುವಿನಲ್ಲೇ ಸಮಾಧಾನ ಹೇಳಿದ.

"ಕಂತು ಸಣ್ಣದು ಮಾಡುವ ಅಜ್ಜಿ. ಆದ್ರೆ ವರ್ಷ ಜಾಸ್ತಿ ಆಗ್ತದೆ, ಬಡ್ಡಿಯೂ."

"ಅಷ್ಟು ವರ್ಷ ನಾನು ಬದುಕ್ಬೇಕಲ್ಲ ಮಾರಾಯ!"

"ಬದುಕ್ಲೇಬೇಕು. ನಾವೂ ದೇವರಿಗೆ ಹೇಳಿಕೊಳ್ತೇವೆ."

ನನ್ನ ಆಯುಸ್ಸಿಗೆ ಇಷ್ಟು ಮನಸ್ಸಿಟ್ಟು ಹರಕೆ ಹೊತ್ತವರು ನನ್ನ ಮನೆಯಲ್ಲೂ ಇಲ್ಲ.

ಖಾಲಿ ಜಗಲಿ

ಆ ವಾರ ಗುಂಪಿನ ಮೀಟಿಂಗ್ ನಮ್ಮ ಜಗಲಿಯಲ್ಲೇ. ತಲೆ ತಗ್ಗಿಸಿಕೊಂಡು ಹೇಳಿಬಿಟ್ಟೆ: "ನಿಮ್ಮ ತಲೆಗೆ ಹಾಕಿ ಪಾಪರ್ ಆಗಲು ಹೊರಟಿದ್ದೆ. ಉಗಿಯುವುದಾದ್ರೆ ಉಗಿಯಿರಿ."

ಅಷ್ಟರಲ್ಲಿ ಬೈಕಿನ ಸದ್ದು. ತಲೆ ಎತ್ತಿ ನೋಡ್ತೇನೆ, ಜಗಲಿ ಖಾಲಿ! ಸಿಟ್ಟಾಗಿ ಎದ್ದು ಹೋದರು ಎಂದು ನನ್ನ ಎದೆ ಒಡೆಯಿತು.

ಕಂತಿನವನು ಬೈಕಿನಿಂದ ಇಳಿದ. "ಎಲ್ಲಿ ಅಜ್ಜಿ, ಉಳಿದವರು?"

ಆಗ ಬಚ್ಚಲುಮನೆಯಲ್ಲಿ ಒಂದು ಕೆಮ್ಮು. ಅದರ ಹಿಂದೆ ಇನ್ನೊಂದು. ಮತ್ತೆ ಒಟ್ಟಿಗೆ ಎರಡು. ನನ್ನ ಸೊಸೆ ಒಲೆ ಹಚ್ಚಿಯಾಗಿತ್ತು. ಅವರದ್ದೂ ಅದೇ ಫೈನಾನ್ಸಿನ ಬೇರೆ ಬೇರೆ ಸಾಲದ ಕಂತು ತಪ್ಪಿತ್ತಂತೆ. ಇಷ್ಟು ದಿನ ಊರಿಗೆಲ್ಲ ನಾಚಿಕೆಗೆಟ್ಟವಳು ನಾನೊಬ್ಬಳೇ ಎಂದುಕೊಂಡಿದ್ದೆ!

"ಮೂಡಬಿದ್ರೆಗೆ ಹೋಗಿದ್ದಾರೆ" ಎಂದೆ.

"ನಾಲ್ವರೂ? ಆಗಲಿ. ಕುಡಿಯಲಿಕ್ಕೆ ನೀರು ಕೊಡಿ, ಅದಕ್ಕೇ ಬಂದದ್ದು."

ಮರುದಿನ ನಾಲ್ವರನ್ನೂ ವಕೀಲಮ್ಮನ ಹತ್ತಿರ ಕರಕೊಂಡು ಹೋದೆ. ಈಗ ಅವರ ಕಂತೂ ಸಣ್ಣದಾಗಿದೆ. ಕಂತಿನವನು ಆ ಕೆಲಸ ಬಿಟ್ಟು ಅದೇ ಬೈಕಿನಲ್ಲಿ ಮೀನು ಮಾರ್ತಾನೆ. ಈಗ ಸದ್ದು ಕೇಳಿದರೆ ಹೆಂಗಸರು ಹೊರಗೆ ಓಡಿ ಬರ್ತಾರೆ. ಮೊಮ್ಮಗಳ ಸೀಮಂತಕ್ಕೆ ಡಿಜೆ ಇಲ್ಲ, ಪಾಯಸ ಮಾತ್ರ. ಸೊಸೆ ಈಗ ಒಲೆಗೆ ಬೆಂಕಿ ಹಾಕುವ ಮುಂಚೆ, "ಒಳಗೆ ಯಾರುಂಟು?" ಎಂದು ಕೇಳ್ತಾಳೆ.

ನಾನಾ? ಸಾಯುವ ಹಾಗಿಲ್ಲ. ಕಂತು ಮುಗಿಯುವವರೆಗೆ ಮ್ಯಾನೇಜರ್ ಬಿಡುವುದಿಲ್ಲ.