ಬೆನ್ನು ತಿರುಗಿಸಿ ಹಕ್ಕಿ ನೋಡುವ ನಮ್ಮ ಭಾವ

ಇವತ್ತು ಬೆಳಿಗ್ಗೆ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಎರಡು ಹಸುವಿನ ಹಾಲು ಕರೆದು ಡೈರಿಗೆ ಕಳಿಸಿದೆ. ರಾಗಿ ಡಬ್ಬವನ್ನು ಮಿಲ್ಲಿಗೆ ಕೊಟ್ಟು ಬಂದೆ. ನಾಳೆ ಶುಕ್ರವಾರ, ಪೂಜೆಗೆ ಜುಟ್ಟು ಬಿಟ್ಟ ಕಾಯಿ ಒಂದು ಬೇಕು ಅಂತ ಭಾವನಿಗೆ ಎರಡು ಸಲ ಹೇಳಿದೆ. ತೊಳೆದ ಸ್ಟೀಲ್ ತಟ್ಟೆಗಳನ್ನು ಎಣಿಸಿದರೆ ಎರಡು ಕಡಿಮೆ ಇದ್ದವು. ತೋಟಕ್ಕೆ ಹೋಗಿ ತಂದೆ.

ತಟ್ಟೆ ತೋಟಕ್ಕೆ ಯಾಕೆ ಹೋಯಿತು ಅಂತೀರಾ? ಅದು ಸ್ವಲ್ಪ ದೊಡ್ಡ ಕಥೆ. ಮೊದಲು ಇಷ್ಟು ತಿಳಿದುಕೊಳ್ಳಿ: ನಮ್ಮೂರು ಬಿಳಿಗೆರೆಯ ಸುತ್ತಮುತ್ತ ನಮ್ಮ ಭಾವನಷ್ಟು ಹಕ್ಕಿಗಳನ್ನು ಬಲ್ಲವರು ಇನ್ನೊಬ್ಬರಿಲ್ಲ. ಅವರು ಒಂದೇ ಒಂದು ಹಕ್ಕಿಯನ್ನೂ ಇವತ್ತಿನವರೆಗೆ ನೇರವಾಗಿ ನೋಡಿಲ್ಲ!

ಭಾವ ಅಂದರೆ ನಮ್ಮ ಯಜಮಾನರ ಅಣ್ಣ. ಮದುವೆಯಾಗಲಿಲ್ಲ, ನಮ್ಮೊಟ್ಟಿಗೇ ಇದ್ದಾರೆ. ತಿಪಟೂರಿನ ಒಂದು ಮಂಡಿಯಲ್ಲಿ ಬಹಳ ವರ್ಷ ಕೊಬ್ಬರಿ ಆರಿಸುವ ಕೆಲಸ ಮಾಡಿದವರು. ನಮ್ಮ ಕಡೆ ಕಾಯಿಯನ್ನು ಇಡಿಯಾಗಿ ಅಟ್ಟದ ಮೇಲೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಮರೆತುಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಡುಗುಡು ಅಂದರೆ ಆಯಿತು. ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ.

ಮಂಡಿ ಕೆಲಸ ಬಿಟ್ಟರೂ ಈ ಅಭ್ಯಾಸ ಭಾವನನ್ನು ಬಿಡಲಿಲ್ಲ. ಕಲ್ಲಂಗಡಿ ತಂದರೆ ಅಲ್ಲಾಡಿಸುತ್ತಾರೆ, ಸರಿ. ಔಷಧಿ ಬಾಟಲಿ ಅಲ್ಲಾಡಿಸುತ್ತಾರೆ, ಅದೂ ಸರಿ. ಹೋದ ವರ್ಷ ನನ್ನ ಮಗ ಹೊಸ ಮೊಬೈಲ್ ತಂದಾಗ ಡಬ್ಬಿಯನ್ನು ಕಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿ, ಹಾಗೇ ವಾಪಸ್ಸು ಕೊಟ್ಟರು.

"ಇನ್ನೂ ಒಣಗಿಲ್ಲ ಕಣ್ಲಾ ಇದು."

ಅಂಥ ಕಿವಿ! ಆ ಕಿವಿಯಲ್ಲೇ ಅವರು ಹಕ್ಕಿ ಗುರುತಿಸುವುದು. ನಾನು ಅಡಿಗೆಮನೆಯಿಂದ "ಭಾವ, ಯಾವುದೋ ಹಕ್ಕಿ ಕೂಗ್ತಾ ಐತಲ್ಲ" ಅಂದರೆ, ತಲೆ ಎತ್ತದೆ "ಮರಕುಟಿಗ. ಮೂರನೇ ಸಾಲು, ಸುಳಿ ಒಣಗಿರೋ ಮರ" ಅನ್ನುತ್ತಾರೆ. ಹೋಗಿ ನೋಡಿದರೆ ಹಾಗೇ ಇರುತ್ತದೆ. ಒಮ್ಮೆ ನಾನೇ ಕೇಳಿದೆ, "ಹಾಗಾದ್ರೆ ನಾನು ಯಾವ ಹಕ್ಕಿ ಭಾವ?" ಅಂತ. "ಟುವ್ವಿ ಹಕ್ಕಿ ಕಣಮ್ಮ. ಹಿಡಿಗಾತ್ರ ಇದ್ರೂ ಊರಿಗೆಲ್ಲ ಕೇಳುಸ್ತದೆ" ಅಂದರು. ಯಜಮಾನರು ಅವತ್ತು ಊಟದಲ್ಲಿ ಒಂದು ಮುದ್ದೆ ಜಾಸ್ತಿ ಉಂಡರು. ಅಷ್ಟು ಖುಷಿ!

ಇಂಥವರು ಪಾಠ ಹೇಳಲು ಹೊರಟಿದ್ದು ನಮ್ಮ ಚಿನ್ನಿಯಿಂದಾಗಿ. ಚಿನ್ನಿ ನನ್ನ ಮೊಮ್ಮಗಳು, ಮಗನ ಮಗಳು. ಎರಡನೇ ಕ್ಲಾಸು. ಮನೆಯಲ್ಲಿ ಹಸುವಿನ ಜೊತೆ, ಬೆಕ್ಕಿನ ಜೊತೆ, ಗೋಡೆಯ ಜೊತೆ ಮಾತಾಡುತ್ತಾಳೆ. ಪುಸ್ತಕ ತೆರೆದು "ಓದು" ಅಂದರೆ ಮುಗಿಯಿತು, ಬಾಯಿಗೆ ಬೀಗ! ಜೂನ್ ತಿಂಗಳಿಂದ ಶಾಲೆಯಲ್ಲಿ ಒಂದಕ್ಷರ ಗಟ್ಟಿಯಾಗಿ ಓದಿಲ್ಲ. ಈ ಶನಿವಾರ ಪಾಲಕರ ಸಭೆ. ಪ್ರತಿಯೊಂದು ಮಗುವೂ ಒಂದು ಪುಟ ಓದಬೇಕು. ಟೀಚರಮ್ಮ ಒಳ್ಳೆಯವರೇ, ಆದರೂ ಹೋದ ತಿಂಗಳೇ ಸೊಸೆಗೆ ಹೇಳಿ ಕಳಿಸಿದ್ದರು: "ಓದಕ್ಕೆ ಬತ್ತದೋ ಇಲ್ವೋ ಅಂತಾನೇ ನಂಗೊತ್ತಾಗ್ತಿಲ್ಲ. ಹಿಂಗೇ ಆದ್ರೆ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂರುಸ್ಬೇಕಾಗ್ತದೆ."

ಸೊಸೆ ಬೇಳೆ ಆರಿಸುತ್ತಾ ಅತ್ತಳು. ಚಿನ್ನಿ ಕಂಬದ ಹಿಂದೆ ನಿಂತು ನೋಡುತ್ತಿದ್ದಳು.

ಮರುದಿನದಿಂದ ಭಾವ ಪುಸ್ತಕ ಮಾಡಲು ಕೂತರು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಹಾಳೆಗೊಂದು ಹಕ್ಕಿ. ಕೆಳಗೆ ದಪ್ಪ ಅಕ್ಷರದಲ್ಲಿ ಮೂರೋ ನಾಲ್ಕೋ ಸಾಲು. ಅಕ್ಷರವೇನೋ ಮುತ್ತಿನಂತೆ. ಚಿತ್ರ? ಅವರಿಗೆ ಈ ಲೋಕದಲ್ಲಿ ಬಿಡಿಸಲು ಬರುವುದು ಒಂದೇ ವಸ್ತು. ತೆಂಗಿನಕಾಯಿ! ಹಾಗಾಗಿ ಅವರ ಹಕ್ಕಿಗಳೆಲ್ಲ ಮೊದಲು ಕಾಯಿಗಳು, ಆಮೇಲೆ ಕಾಲು ಬಂದವು. ಮರದಿಂದ ಉದುರಿದ ಹರಳು, ಅಂದರೆ ಪುಟ್ಟ ಎಳೆಗಾಯಿಯಷ್ಟಿದ್ದರೆ ಸೂರಕ್ಕಿ. ಎಳನೀರಿನ ಗಾತ್ರ ಇದ್ದರೆ ಕೆಂಬೂತ. ಸುಲಿದ ಕಾಯಿಗೆ ಕೊಕ್ಕು ಇಟ್ಟರೆ ಗೊರವಂಕ. ಜುಟ್ಟು ಬಿಟ್ಟು ಸುಲಿದರೆ ಪಿಕಳಾರ. ನವಿಲಿಗೆ ಒಂದು ಇಡೀ ಗೊನೆ ಬೇಕಾಯಿತು.

ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಒಂದು ದಿನ ಯಜಮಾನರು ಚಿನ್ನಿಯನ್ನು ಕೇಳಿದರು, "ಹಕ್ಕಿಗೆ ಎಷ್ಟು ಕಣ್ಣು ಹೇಳವ್ವ?"

"ಮೂರು!"

ಕಾಯಿಗೆ ಮೂರು ಕಣ್ಣಲ್ಲವೇ? ಭಾವ ಒಂದನ್ನೂ ಬಿಡದೆ ಬಿಡಿಸಿದ್ದರು.

"ಏನಣ್ಣ ಇದು? ಶಿವನಿಗಾದ್ರೆ ಮೂರು ಸರಿ. ಗುಬ್ಬಿಗೆ ಯಾಕೆ?" ಅಂದರು ಯಜಮಾನರು.

ಭಾವ ಹಾಳೆಯನ್ನು ದೂರ ಹಿಡಿದು ನೋಡಿ, "ಎರಡು ನೋಡಕ್ಕೆ. ಒಂದು ಬಾಯಿ. ಮಗೀಗೆ ಗೊತ್ತಾಯ್ತದೆ ಬುಡು" ಅಂದರು. ಮಾರನೆಯ ದಿನ ಒಂದೊಂದು ಕಣ್ಣನ್ನು ಸುಣ್ಣ ಹಚ್ಚಿ ಮುಚ್ಚಿದ್ದರು. ಒಪ್ಪಿಕೊಳ್ಳಲಿಲ್ಲ, ಮುಚ್ಚಿದರು ಅಷ್ಟೆ.

ಇನ್ನು ತಟ್ಟೆಯ ವಿಷಯ. ಹಾಳೆಯಲ್ಲಿ ಕಂಡ ಹಕ್ಕಿಯನ್ನು ಮರದಲ್ಲೂ ತೋರಿಸಬೇಕಲ್ಲ? ಚಿನ್ನಿ ಮತ್ತು ಪಕ್ಕದ ಮನೆಯ ಎರಡು ಹೆಣ್ಣುಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಭಾವನ ಕಟ್ಟಾಜ್ಞೆ ಒಂದೇ: ಹಕ್ಕಿಗೆ ಮುಖ ತೋರಿಸಬಾರದು. "ದಿಟ್ಟಿಸ್ಬಾರ್ದು. ನೀನು ದಿಟ್ಟಿಸಿದ್ರೆ ಅದು ತನ್ ಕೆಲಸ ಮರೀತದೆ. ನಾವು ನಮ್ ಕೆಲಸ ಮಾಡ್ತಾ ಇದ್ರೆ ಅದು ಅದ್ರ ಕೆಲಸ ಮಾಡ್ತದೆ." ಅದಕ್ಕೇ ಅವರು ಬೇಲಿಗೆ ಬೆನ್ನು ಹಾಕಿ, ನೆಲಕ್ಕೆ ನೆಟ್ಟ ಹಾರೆಯಲ್ಲಿ ಕಾಯಿ ಸುಲಿಯುತ್ತಾ ಇರುತ್ತಿದ್ದರು. ಮಕ್ಕಳೂ ಬೆನ್ನು ಹಾಕಿ ಕೂರಬೇಕು. ಕೈಯಲ್ಲಿ ನನ್ನ ಸ್ಟೀಲ್ ತಟ್ಟೆ! ಹಿಂದಿನ ಹಕ್ಕಿ ಮುಂದಿನ ತಟ್ಟೆಯಲ್ಲಿ ಮೂಡುತ್ತದೆ.

ತುರುವೇಕೆರೆಯಿಂದ ನಂಟರು ಮದುವೆಗೆ ಕರೆಯಲು ಬಂದವರು ಇದನ್ನು ನೋಡಿ ದಂಗಾದರು. "ಯಾಕ್ರೀ, ಮಕ್ಕಳು ತಟ್ಟೆ ಹಿಡ್ಕೊಂಡು ಹಂಗೆ ಕೂತವ್ರೆ? ಇನ್ನೂ ಉಂಡಿಲ್ವಾ?"

"ಉಂಡವ್ರೆ ಕಣ್ರೀ. ಅವರು ತಟ್ಟೇಲಿ ಕಾಜಾಣ ನೋಡ್ತಾವ್ರೆ" ಅಂದೆ. ನಂಟರು ಕಾಫಿ ಕುಡಿಯದೆ ಹೊರಟರು.

ಹೀಗೆ ದಿನಗಳು ಹೋದವು. ಚಿನ್ನಿ ಇಪ್ಪತ್ತು ಹಕ್ಕಿಗಳ ಕೂಗು ಕಲಿತಳು. ಹಾಳೆಗಳನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಓದುತ್ತಾಳಾ? ಯಾರಿಗೆ ಗೊತ್ತು! ನಾವು ಹತ್ತಿರ ಹೋದರೆ ತುಟಿ ನಿಲ್ಲುತ್ತಿತ್ತು.

ಇವತ್ತು ಸಂಜೆ ನಾಲ್ಕೂವರೆಗೆ ಟೀಚರಮ್ಮನೇ ಬಂದರು. ತಿಪಟೂರಿನ ಬಸ್ಸಿಗೆ ಇನ್ನೂ ಸಮಯವಿತ್ತು. "ಶನಿವಾರ ಎಲ್ಲರ ಮುಂದೆ ಅಳೋದು ಬೇಡ, ಒಂದ್ಸಲ ಇಲ್ಲೇ ಕೇಳೋಣ ಅಂತ ಬಂದೆ" ಅಂದರು. ಅಂಗಳದಲ್ಲಿ ಚಾಪೆ ಹಾಕಿದೆವು. ಚಿನ್ನಿಯನ್ನು ನಡುವೆ ಕೂರಿಸಿ, ಸುತ್ತಲೂ ನಾನು, ಸೊಸೆ, ಯಜಮಾನರು, ಎದುರಿಗೆ ಟೀಚರಮ್ಮ. ಎಲ್ಲರ ಕಣ್ಣೂ ಆ ಪುಟ್ಟ ಬಾಯಿಯ ಮೇಲೆ. ಅವಳ ಕೈಯಲ್ಲಿ ಭಾವನ ಹಾಳೆಗಳು. ಸೊಸೆ "ಓದಮ್ಮ, ನನ್ ಚಿನ್ನ" ಅಂದಳು. ಯಜಮಾನರು "ಓದವ್ವ, ಪೆಪ್ಪರ್‌ಮೆಂಟ್ ಕೊಡಿಸ್ತೀನಿ" ಅಂದರು. ನಾನು ಟುವ್ವಿ ಹಕ್ಕಿ, ಸುಮ್ಮನಿರುತ್ತೇನೆಯೇ? ನಾನೂ ಏನೋ ಅಂದೆ. ಚಿನ್ನಿ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಳು.

ಅಂಗಳದ ತುದಿಯಲ್ಲಿ, ನನ್ನ ಪೂಜೆಯ ಕಾಯಿ ಸುಲಿಯುತ್ತಾ ನಮಗೆ ಬೆನ್ನು ಹಾಕಿದ್ದ ಭಾವ, ತಿರುಗದೆಯೇ ಹೇಳಿದರು:

"ಎಲ್ಲಾರೂ ಆ ಕಡೆ ತಿರುಗ್ರಪ್ಪ."

"ಏನಣ್ಣ?"

"ಕೊಟ್ಟಿಗೆ ಕಡೆ ತಿರುಗ್ಲಾ. ಟೀಚರಮ್ಮೋರೆ, ನೀವೂನೂವೆ."

"ಅಯ್ಯೋ, ನಾನು ಕೇಳಕ್ಕೆ ಬಂದಿರೋದಲ್ವಾ ಸ್ವಾಮಿ?"

"ಕೇಳಕ್ಕೆ ಕಿವಿ ಸಾಲ್ದೇ ತಾಯಿ?"

ಟೀಚರಮ್ಮ ನನ್ನ ಮುಖ ನೋಡಿದರು. ಆಮೇಲೆ ಸೆರಗು ಸರಿ ಮಾಡಿಕೊಂಡು ಕೊಟ್ಟಿಗೆಯ ಕಡೆ ತಿರುಗಿ ಕೂತರು. ನಾವೂ ತಿರುಗಿದೆವು. ಹಸುಗಳೆರಡೂ ಮೇವು ಬಿಟ್ಟು ನಮ್ಮನ್ನೇ ನೋಡಿದವು. ಅವುಗಳಿಗೂ ಇಷ್ಟು ಜನ ಒಟ್ಟಿಗೆ ದರ್ಶನಕ್ಕೆ ಬಂದದ್ದು ಅದೇ ಮೊದಲು!

"ನಿಮ್ ನಿಮ್ ಕೆಲಸ ಮಾಡ್ರಿ" ಅಂದರು ಭಾವ. ಕೆಲಸ ಏನಿದೆ? ಸೊಸೆ ಬರಿಯ ಚಾಪೆಯ ಮೇಲೆ ಕಲ್ಲು ಆರಿಸತೊಡಗಿದಳು. ಯಜಮಾನರು ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕಿದರು. ಟೀಚರಮ್ಮ ಚೀಲದಿಂದ ಹಾಜರಿ ಪುಸ್ತಕ ತೆಗೆದು ಸುಮ್ಮನೆ ಪುಟ ತಿರುವಿದರು. ಹಾರೆಯ ಮೇಲೆ ಮಟ್ಟೆ ಕಿತ್ತುಬರುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಎಷ್ಟು ಹೊತ್ತು ಹಾಗೆ ಕೂತೆವೋ! ಬಸ್ಸಿನ ಹೊತ್ತಾಯಿತೇನೋ ಅಂದುಕೊಳ್ಳುವಷ್ಟರಲ್ಲಿ ಬೆನ್ನ ಹಿಂದೆ ಕೇಳಿಸಿತು.

"ಇದು... ಪಿಕಳಾರ."

ಯಾರೂ ಅಲುಗಾಡಲಿಲ್ಲ. ಸೊಸೆಯ ಕೈ ಮಾತ್ರ ನನ್ನ ಮೊಣಕೈಯನ್ನು ಹಿಡಿಯಿತು.

"ಇದಕ್ಕೆ ಜುಟ್ಟು ಇದೆ. ಇದು ಬೇಲಿಯ ಮೇಲೆ ಕೂರುತ್ತದೆ. ಹಣ್ಣು ತಿನ್ನುತ್ತದೆ."

ಹಾಳೆ ಮಗುಚಿದ ಸದ್ದು. "ಇದು ಗೊರವಂಕ..."

ಗೊರವಂಕ, ಕಾಜಾಣ, ಗೀಜಗ, ಮಿಂಚುಳ್ಳಿ. ಒಂದು ಪುಟ ಕೇಳಲು ಬಂದ ಟೀಚರಮ್ಮ ಒಂಬತ್ತು ಪುಟ ಕೇಳಿದರು. ಬಸ್ಸು ತಪ್ಪಿತು. ಶನಿವಾರ ಸಭೆಯಲ್ಲಿ ಏನು ಮಾಡುವುದು ಅಂತ ಯಜಮಾನರು ಕೇಳಿದ್ದಕ್ಕೆ, "ಅಲ್ಲೂ ಗೋಡೆ ಐತಲ್ಲ ಸ್ವಾಮಿ, ಎಲ್ಲರನ್ನೂ ತಿರುಗ್ಸಿ ಕೂರುಸ್ತೀನಿ" ಅಂದು, ಕಣ್ಣೊರೆಸಿಕೊಂಡು, ನನ್ನ ಮಗನ ಬೈಕಿನಲ್ಲಿ ಹೊರಟರು.

ನಾನು ಪೂಜೆಯ ಕಾಯಿ ತರಲು ಭಾವನ ಹತ್ತಿರ ಹೋದೆ. ಕಾಯಿ ಅವರ ಕೈಯಲ್ಲೇ ಇತ್ತು, ಬೋಳಾಗಿ. ಒಂದು ನಾರೂ ಉಳಿದಿರಲಿಲ್ಲ. ನಾನು ಈ ಮನೆಗೆ ಬಂದಾಗಿನಿಂದ ಒಂದು ಸಲವೂ ಪೂಜೆಯ ಕಾಯಿಯ ಜುಟ್ಟು ಕಿತ್ತವರಲ್ಲ ನಮ್ಮ ಭಾವ.

"ಜುಟ್ಟೆಲ್ಲಿ ಭಾವ?"

ಅವರು ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಿವಿಗೆ ಹಿಡಿದು ಅಲ್ಲಾಡಿಸಿದರು. ಏನು ಕೇಳಿಸಿತೋ. "ನೋಡ್ಲಿಲ್ಲ ಕಣಮ್ಮ" ಅಂದರು. "ಕೇಳ್ತಾ ಇದ್ದೆ."

ಪೂಜೆಗೆ ಬೇರೆ ಕಾಯಿ ಸುಲಿದು ಕೊಟ್ಟರು. ಬೋಳು ಕಾಯಿಯನ್ನು ಒಡೆದು ಚಟ್ನಿ ಮಾಡಿದೆ, ರಾಗಿ ರೊಟ್ಟಿಗೆ. ಚಿನ್ನಿ ಒಂದೂವರೆ ತಿಂದಳು, ಯಜಮಾನರು ನಾಲ್ಕು, ಭಾವ ಎರಡು. ಮೊದಲು ಮಲಗಿದ್ದು ಭಾವ. ಚಿನ್ನಿ ಉಳಿದ ಹಾಳೆಗಳನ್ನು ಹಿಡಿದು ಅವರ ಹಾಸಿಗೆಯ ಹತ್ತಿರ ಬಂದದ್ದೇ ತಡ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.