ಗೋಪುರದ ಮೇಲೆ ಮೂರು ನಿಮಿಷ

ಬೆಳಿಗ್ಗೆ ಪ್ರಾರ್ಥನಾ ಮಂದಿರದ ಗೋಪುರ ಹತ್ತಿ ದೊಡ್ಡ ಗಡಿಯಾರದ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ ವಾಚ್ ರಿಪೇರಿಯವನಿಗೆ ಇದ್ದಕ್ಕಿದ್ದಂತೆ ತಾನೇ ಕಾಣೆಯಾದ ಹಾಗಾಯಿತು. ಚಕ್ರವಿತ್ತು, ಎಣ್ಣೆಯಿತ್ತು, ಕಿಟಕಿಯಲ್ಲಿ ಬಿಸಿಲಿತ್ತು. ಅವನು ಮಾತ್ರ ಇರಲಿಲ್ಲ. ದೇವರೊಬ್ಬನೇ ಇದ್ದ. ಅದೂ ಸರಿಯಾಗಿ ಮೂರು ನಿಮಿಷ. ಕಸುಬಿನವನಾದ್ದರಿಂದ ಲೆಕ್ಕ ತಪ್ಪುವ ಹಾಗಿರಲಿಲ್ಲ.

ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಮನೆಗೆ ಬಂದವನೇ ಹೆಂಡತಿಗೆ ಹೇಳಿಬಿಟ್ಟ.

"ನಾನು ದೇವರ ಜೊತೆ ಒಂದಾಗಿಬಿಟ್ಟೆ ಕಣೇ."

"ಒಂದಾದೋರು ಬರ್ತಾ ಸೋಪು ತಂದ್ರಾ?"

ಪಕ್ಕದ ಮನೆಯ ಔಷಧಿ ಅಂಗಡಿಯವನು ಗೋಡೆಗೆ ಕಿವಿ ಅಂಟಿಸಿಕೊಂಡೇ ಹುಟ್ಟಿದವನು. ಅವನು ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಸುದ್ದಿ ಕೆಮ್ಮಿನ ಹಾಗೆ ಬೀದಿಗೆಲ್ಲ ಹಬ್ಬಿತ್ತು. ಹತ್ತು ಗಂಟೆಗೆ ವಾಚ್ ಅಂಗಡಿಯ ಮುಂದೆ ಜನವೋ ಜನ.

"ನೀನೇ ದೇವರಾದ್ರೆ ನನ್ನ ಮಂಡಿನೋವು ಯಾಕಪ್ಪ ಹೋಗಿಲ್ಲ?" ಎಂದಳು ಮೂಲೆಮನೆ ಅಜ್ಜಿ.

"ನಾನು ದೇವರು ಅಂದಿಲ್ಲ ಅಜ್ಜಿ. ನಾನು ಇರಲೇ ಇಲ್ಲ ಅಂದೆ."

"ಇರಲೇ ಇಲ್ವಂತೆ!" ಶಾಲೆಯ ಮೇಷ್ಟ್ರು ಮುಂದೆ ನುಗ್ಗಿದರು. "ಹಾಗಾದ್ರೆ ಎರಡು ತಿಂಗಳಿಂದ ನನ್ನ ವಾಚು ಯಾರ ಹತ್ರ ಇದೆ?"

ಮಧ್ಯಾಹ್ನ ಮಂದಿರದ ಗುರುಗಳಿಂದ ಕರೆ ಬಂತು. ಗುರುಗಳೆಂದರೆ ಅಷ್ಟು ಕಟ್ಟುನಿಟ್ಟು. ಅವರ ಗಡ್ಡ ಕೂಡ ಗೆರೆ ಎಳೆದ ಹಾಗೆ ಬೆಳೆಯುತ್ತಿತ್ತು.

"ಸೃಷ್ಟಿ ಮಾಡಿದವನು ಬೇರೆ, ಸೃಷ್ಟಿಯಾದವನು ಬೇರೆ," ಎಂದರು, ತುಂಬಿದ ಸಭೆಯ ಎದುರು. "ಹಾಗಂತ ಎಲ್ಲರ ಮುಂದೆ ಹೇಳು. ಇಲ್ದಿದ್ರೆ ಗೋಪುರದ ಕೆಲಸ ಬಿಡು."

ಹತ್ತೊಂಬತ್ತು ವರ್ಷದಿಂದ ಆ ಗಡಿಯಾರಕ್ಕೆ ಕೀ ಕೊಟ್ಟವನು ವಾಚ್ ರಿಪೇರಿಯವನು. ಊರೆಲ್ಲ ಏಳುವುದೂ ಮಲಗುವುದೂ ತನ್ನ ಕೈಯಿಂದಲೇ ಎಂಬುದು ಅವನಿಗಿದ್ದ ಒಂದೇ ಜಂಬ. ಹೇಳಿಬಿಡೋಣವೆಂದು ಬಾಯಿ ತೆರೆದ. ಕಿಟಕಿಯ ಆ ಬಿಸಿಲು ನೆನಪಾಗಿ, ಸುಳ್ಳು ಬೇಡವೆಂದು ತಲೆ ಅಲ್ಲಾಡಿಸಿದ.

"ಆಗಲ್ಲ ಗುರುಗಳೇ. ಬೇರೆ ಅನ್ನೋಕೆ ಅಲ್ಲಿ ನಾನೇ ಇರಲಿಲ್ಲ."

ಗುರುಗಳು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ನನ್ನ ಕತೆ ಮುಗಿಯಿತು ಎಂದುಕೊಂಡ ಇವನು. ಗುರುಗಳು ಹತ್ತಿರ ಬಂದು ಪಿಸುಗುಟ್ಟಿದರು.

"ನಿಜವಾಗ್ಲೂ ಮೂರು ನಿಮಿಷಾನಾ?"

"ಹೌದು."

"ನಲವತ್ತು ವರ್ಷದಿಂದ ಪ್ರಾರ್ಥನೆ ಮಾಡಿಸ್ತಿದ್ದೀನಪ್ಪ. ನನಗೆ ಒಂದು ಸೆಕೆಂಡೂ ಆಗಿಲ್ಲ." ಅವರ ಕಣ್ಣಲ್ಲಿ ನೀರಿತ್ತು. "ಯಾವ ಕಡೆ ಮುಖ ಮಾಡಿ ನಿಂತಿದ್ದೆ?"

"ಕಿಟಕಿ ಕಡೆ. ಕೈಯಲ್ಲಿ ಎಣ್ಣೆ ಡಬ್ಬಿ ಇತ್ತು."

ಬಾಗಿಲು ತೆರೆಯಿತು. "ತಪ್ಪು ಒಪ್ಪಿಕೊಂಡಿದ್ದಾನೆ!" ಗುರುಗಳು ಗುಡುಗಿದರು. "ಇನ್ನು ಮೇಲೆ ಇವನು ಗೋಪುರ ಹತ್ತೋ ಹಾಗಿಲ್ಲ. ಗಡಿಯಾರ ನಾನೇ ನೋಡ್ಕೋತೀನಿ."

ಸಂಜೆ ಐದಾದರೂ ಗಡಿಯಾರದಲ್ಲಿ ನಾಲ್ಕು ಹತ್ತು. ಜನ ಕತ್ತೆತ್ತಿ ನೋಡಿದರು. ಮೇಲಿನ ಕಿಟಕಿಯಲ್ಲಿ ಗುರುಗಳು ಎಣ್ಣೆ ಡಬ್ಬಿ ಹಿಡಿದು, ಕಣ್ಣು ಮುಚ್ಚಿ, ಗೊಂಬೆಯ ಹಾಗೆ ನಿಂತಿದ್ದರು. ಎಣ್ಣೆ ಧಾರೆಯಾಗಿ ಗಡಿಯಾರದ ಮುಖದ ಮೇಲೆ ಇಳಿಯುತ್ತಿತ್ತು.

ಔಷಧಿ ಅಂಗಡಿಯವನು ವಾಚ್ ರಿಪೇರಿಯವನ ಬೆನ್ನಿಗೊಂದು ಬಾರಿಸಿದ.

"ನೋಡು! ಹತ್ತೊಂಬತ್ತು ವರ್ಷ ನೀನು ಕೆಡಿಸಿಟ್ಟಿದ್ದನ್ನ ಪಾಪ, ಗುರುಗಳು ಈ ವಯಸ್ಸಲ್ಲಿ ರಿಪೇರಿ ಮಾಡ್ತಿದ್ದಾರೆ!"